ಈ ಮೀನು ರಾತ್ರಿ ಎಲ್ಲಿ ಮಲಗುತ್ತೆ?

ಅಕ್ವೇರಿಯಂ ಅಂಗಡಿಗೆ ಹೋದವರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳ್ತಾರೆ. ಬೆಲೆ ಎಷ್ಟು? ಎಷ್ಟು ದೊಡ್ಡದಾಗುತ್ತೆ? ಬೇರೆ ಮೀನನ್ನ ಕಚ್ಚುತ್ತಾ? ಮೂರೂ ಸರಿಯಾದ ಪ್ರಶ್ನೆಗಳೇ. ಆದರೆ ರಾಸ್ ಅನ್ನೋ ಸಮುದ್ರದ ಮೀನು ಕೊಳ್ಳೋಕೆ ಹೋದಾಗ ಇವಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಇದು ರಾತ್ರಿ ಎಲ್ಲಿ ಮಲಗುತ್ತೆ? ಅಂಗಡಿಯವರು ನಮ್ಮ ಮುಖ ನೋಡಿ ನಗಬಹುದು. ನಗಲಿ ಬಿಡಿ. ಟ್ಯಾಂಕಿನ ತಳ ಹೇಗಿರಬೇಕು, ಮುಚ್ಚಳ ಹೇಗಿರಬೇಕು, ಯಾವ ಮೀನನ್ನ ಮೊದಲು ಬಿಡಬೇಕು, ಇಷ್ಟಕ್ಕೂ ಉತ್ತರ ಶುರುವಾಗೋದು ಅಲ್ಲಿಂದಲೇ.

ರಾಸ್ ಅಂದ ಕೂಡಲೇ ಹಳ್ಳಿ ಕಡೆಯವರಿಗೆ ರಾಸುಗಳ ಜಾತ್ರೆ ನೆನಪಾಗಬಹುದು. ಅದಲ್ಲ. ಈ ಹೆಸರನ್ನ ಇಂಗ್ಲಿಷಿನಲ್ಲಿ ಡಬ್ಲ್ಯೂ ಅಕ್ಷರದಿಂದ ಬರೀತಾರೆ, ಆದರೆ ಆ ಡಬ್ಲ್ಯೂ ಬಾಯಿಗೆ ಬರಲ್ಲ. ಲ್ಯಾಬ್ರಿಡೇ ಅನ್ನೋ ಈ ಕುಟುಂಬದಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆ. ಕೈಬೆರಳಿಗಿಂತ ಚಿಕ್ಕದೂ ಇದೆ, ಎರಡು ಮೀಟರ್ ತನಕ ಬೆಳೆಯೋ ನೆಪೋಲಿಯನ್ ರಾಸ್ ಕೂಡ ಇದೆ. ಮೆಕ್ಯಾನಿಕಲ್ ಬ್ರಾಂಚಿನವರಿಗೆ ಒಂದು ವಿಷಯ: ಹೆಚ್ಚಿನ ಮೀನುಗಳು ಬಾಲ ಬೀಸಿ ಮುಂದೆ ಹೋದರೆ, ಇವು ಸಾಮಾನ್ಯವಾಗಿ ಎದೆಯ ಪಕ್ಕದ ಎರಡು ರೆಕ್ಕೆಗಳನ್ನ ಹಕ್ಕಿ ಥರ ಬಡಿದು ಈಜುತ್ತವೆ. ಬಾಲವನ್ನ ಓಡಿ ಹೋಗೋ ಹೊತ್ತಿಗೆ ಇಟ್ಟುಕೊಂಡಿರುತ್ತವೆ. ಈ ಈಜಿಗೆ ಇದೇ ಕುಟುಂಬದ ಹೆಸರಿಟ್ಟು ಲ್ಯಾಬ್ರಿಫಾರ್ಮ್ ಅಂತಾರೆ.

ನಮ್ಮ ಮೈಸೂರಿನ ಮನೆಯಲ್ಲಿ ಒಂದು ಸಮುದ್ರದ ಟ್ಯಾಂಕ್ ಇದೆ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕಲ್ಲು, ಮರಳು ಕಳೆದರೆ ನೀರು ಸುಮಾರು 200 ಲೀಟರ್. ನಾವು ಅಣ್ಣ ತಮ್ಮ ಸೇರಿ ನೋಡ್ಕೋತೀವಿ, ನಾವು ಕಾಲೇಜಿನಲ್ಲಿದ್ದಾಗ ಅಜ್ಜಿ ನೋಡ್ಕೋತಾರೆ. ಈ ಲೇಖನದಲ್ಲಿ ಬರೋ ಲೆಕ್ಕಗಳನ್ನೆಲ್ಲ ಈ ಟ್ಯಾಂಕನ್ನೇ ಇಟ್ಟುಕೊಂಡು ಮಾಡೋಣ.

ಮೊದಲು ನೀರು

ರಾಸ್ ಬರೋದಕ್ಕೆ ಮುಂಚೆ ಸಮುದ್ರ ತಯಾರಾಗಬೇಕು. ಸಮುದ್ರದ ನೀರಿನಲ್ಲಿ ಕೆಜಿಗೆ ಸುಮಾರು 35 ಗ್ರಾಂ ಉಪ್ಪಿರುತ್ತೆ. ನಾವು ಅಡುಗೆ ಉಪ್ಪು ಹಾಕೋ ಹಾಗಿಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಸೇರಿದ ಅಕ್ವೇರಿಯಂ ಉಪ್ಪು ಬೇರೆಯೇ ಸಿಗುತ್ತೆ. ಅದನ್ನ ಆರ್‌ಓ ನೀರಿನಲ್ಲಿ ಕರಗಿಸಬೇಕು. ಬೋರ್‌ವೆಲ್ ನೀರಿನ ಗಡಸುತನ, ನಲ್ಲಿ ನೀರಿನ ಕ್ಲೋರಿನ್ ಎರಡೂ ಇಲ್ಲಿ ಬೇಡ. ಉಷ್ಣತೆ 25–26 ಡಿಗ್ರಿ, ಸಾಪೇಕ್ಷ ಸಾಂದ್ರತೆ 1.025 ಹತ್ತಿರ ಇದ್ದರೆ ಸಾಕು.

ಇಷ್ಟಾದ ಮೇಲೂ ಮೀನು ಬಿಡಬಾರದು. ಮೀನಿನ ಹೊಲಸು ಮತ್ತು ಉಳಿದ ಆಹಾರದಿಂದ ಅಮೋನಿಯಾ ಬರುತ್ತೆ, ಅದು ವಿಷ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಅದೂ ಒಳ್ಳೆಯದಲ್ಲ. ಇನ್ನೊಂದು ಗುಂಪು ಅದನ್ನ ನೈಟ್ರೇಟ್ ಮಾಡುತ್ತೆ, ಅದನ್ನ ಮೀನು ಸ್ವಲ್ಪ ಮಟ್ಟಿಗೆ ತಡ್ಕೊಳ್ಳುತ್ತೆ. ಈ ಬ್ಯಾಕ್ಟೀರಿಯಾ ಕಲ್ಲು, ಮರಳಿನ ಮೇಲೆ ನೆಲೆಯೂರೋಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಂದ್ರೆ ಹೆಚ್ಚು ಕಡಿಮೆ ಮೊದಲ ಇಂಟರ್ನಲ್ಸ್‌ನಿಂದ ಎರಡನೇ ಇಂಟರ್ನಲ್ಸ್ ತನಕ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸೋ ತನಕ ಖಾಲಿ ಟ್ಯಾಂಕನ್ನೇ ನೋಡ್ತಾ ಕೂರಬೇಕು. ಎಷ್ಟೋ ಜನ ಕೈ ಬಿಡೋದು ಇಲ್ಲೇ.

ಮರಳಿನಲ್ಲಿ ಮಲಗುವವು

ಈಗ ನಮ್ಮ ಪ್ರಶ್ನೆಗೆ ಬರೋಣ. ಮಲಗೋ ಜಾಗದ ಪ್ರಕಾರ ಮನೆಗೆ ಬರೋ ರಾಸ್‌ಗಳನ್ನ ಎರಡು ಗುಂಪು ಮಾಡಬಹುದು.

ಮೊದಲ ಗುಂಪು ಮರಳಿನವು. ಹ್ಯಾಲಿಕೋಯಿರಿಸ್ ಕುಲದ ಮೀನುಗಳು ಇದರಲ್ಲಿ ಬರುತ್ತವೆ. ಹೆಚ್ಚು ಕಂಡುಬರೋದು ಯೆಲ್ಲೋ ರಾಸ್: ನಿಂಬೆಹಣ್ಣಿನ ಬಣ್ಣ, ಹೆಚ್ಚೆಂದರೆ 12 ಸೆಂಟಿಮೀಟರ್. ಕತ್ತಲಾಗೋ ಹೊತ್ತಿಗೆ ತಲೆ ಕೆಳಗೆ ಮಾಡಿ ಮರಳಿಗೆ ಧುಮುಕಿ, ಬೆಳಗಾಗೋ ತನಕ ಅಲ್ಲೇ ಇರುತ್ತೆ. ಹೆದರಿದಾಗಲೂ ಇದೇ ಕೆಲಸ. ನಮ್ಮ ಮನೆಯಲ್ಲಿ ಟ್ಯಾಂಕಿನ ಲೈಟ್ ಆರೋದು ರಾತ್ರಿ ಎಂಟಕ್ಕೆ, ಆದರೆ ಹಳದಿ ಮೀನು ಏಳೂವರೆಗೇ ಒಳಗೆ ಹೋಗಿರುತ್ತೆ. ಅಜ್ಜಿ ಸೀರಿಯಲ್ ಮಧ್ಯೆ ಟ್ಯಾಂಕ್ ಕಡೆ ತಿರುಗಿ "ನಿಮ್ಮ ಹಳದಿ ಮಲಗ್ತು ಕಣ್ರೋ, ಊಟಕ್ಕೆ ಏಳಿ" ಅಂತಾರೆ. ಮನೆಯಲ್ಲಿ ಅದೇ ಗಡಿಯಾರ.

ಈ ಮೀನಿಗೆ ಮರಳು ಅಲಂಕಾರ ಅಲ್ಲ, ಹಾಸಿಗೆ. ಕನಿಷ್ಠ ಐದು ಸೆಂಟಿಮೀಟರ್ ಆಳ ಬೇಕು, ಆರೇಳು ಇದ್ದರೆ ಇನ್ನೂ ಒಳ್ಳೆಯದು. ಲೆಕ್ಕ ಹಾಕಿ: 122 ಗುಣಿಸು 46 ಗುಣಿಸು 6 ಅಂದ್ರೆ ಸುಮಾರು 34 ಲೀಟರ್ ಮರಳು, ತೂಕ 50 ಕೆಜಿ ಹತ್ತಿರ. ನೀರು, ಗಾಜು, ಕಲ್ಲು ಎಲ್ಲ ಸೇರಿದ್ರೆ 300 ಕೆಜಿ ದಾಟುತ್ತೆ. ಹಳೇ ಟೀಪಾಯಿ ಮೇಲೆ ಇಡೋ ವಸ್ತು ಅಲ್ಲ ಇದು.

ಮರಳು ಸಣ್ಣದಾಗಿ, ನುಣ್ಣಗೆ ಇರಬೇಕು. ಮೀನು ದಿನಾ ಮೈ ತೂರಿಸಿ ಒಳಗೆ ಹೋಗೋದ್ರಿಂದ ಒರಟು ಚೂರುಗಳು ಅದರ ಚರ್ಮ ಕೆರೆದುಬಿಡುತ್ತವೆ, ಆ ಗಾಯದಿಂದ ಸೋಂಕು ಶುರುವಾಗುತ್ತೆ. ಅರಾಗೋನೈಟ್ ಮರಳು ಸರಿ. ಮನೆ ಕಟ್ಟೋಕೆ ತರಿಸಿದ ಎಂ-ಸ್ಯಾಂಡ್ ಬೇಡವೇ ಬೇಡ, ಅದು ಕಲ್ಲು ಪುಡಿ ಮಾಡಿದ್ದು, ಅಂಚೆಲ್ಲ ಚೂಪು.

ಸಿವಿಲ್‌ನವರಿಗೆ ಗೊತ್ತಿರೋ ವಿಷಯ ಇನ್ನೊಂದು: ಪಾಯ. ಕಲ್ಲುಗಳನ್ನ ಮರಳಿನ ಮೇಲೆ ಕೂರಿಸಬಾರದು. ಮೊದಲು ಗಾಜಿನ ತಳದ ಮೇಲೆ ಕಲ್ಲು ಜೋಡಿಸಿ, ಆಮೇಲೆ ಸುತ್ತ ಮರಳು ಸುರಿಯಬೇಕು. ಇಲ್ಲದಿದ್ರೆ ಮೀನು ಅಡಿಯಲ್ಲಿ ತೋಡಿದ ದಿನ ಕಲ್ಲು ಜಾರುತ್ತೆ, ಮಲಗಿದ್ದ ಮೀನಿನ ಮೇಲೇ ಬೀಳಬಹುದು.

ಹೊಸದಾಗಿ ಬಂದ ರಾಸ್ ಟ್ಯಾಂಕಿಗೆ ಬಿಟ್ಟ ಕೂಡಲೇ ಮರಳಿಗೆ ಇಳಿದು ಎರಡು ಮೂರು ದಿನ ಕಾಣಿಸದೇ ಹೋಗಬಹುದು. ಸತ್ತಿರಬೇಕು ಅಂತ ಕೈ ಹಾಕಿ ಹುಡುಕಬಾರದು. ಅದಕ್ಕೆ ಜೆಟ್ ಲ್ಯಾಗ್ ಕೂಡ ಇರುತ್ತೆ. ಫಿಜಿಯಲ್ಲಿ ಬೆಳಗ್ಗೆ ಆರು ಅಂದ್ರೆ ನಮ್ಮಲ್ಲಿ ರಾತ್ರಿ ಹನ್ನೊಂದೂವರೆ. ಅಲ್ಲಿಂದ ಬಂದ ಮೀನು ನಮ್ಮ ಮಧ್ಯರಾತ್ರಿಗೆ ಎದ್ದು, ನಮ್ಮ ಮಧ್ಯಾಹ್ನಕ್ಕೆ ಮಲಗಲು ಹೋಗಬಹುದು. ಕೆಲವು ದಿನ ಕೊಟ್ಟರೆ ನಮ್ಮ ಲೈಟಿಗೆ ಹೊಂದಿಕೊಳ್ಳುತ್ತೆ. ಬೇರೆ ಟ್ಯಾಂಕಿನಲ್ಲಿ ಕ್ವಾರಂಟೈನ್ ಮಾಡೋದಾದ್ರೂ ಒಂದು ಐಸ್‌ಕ್ರೀಂ ಡಬ್ಬಿ ತುಂಬ ಮರಳು ಇಡಿ. ಬರೀ ಗಾಜಿನ ತಳದ ಮೇಲೆ ಈ ಮೀನಿಗೆ ನೆಮ್ಮದಿ ಇಲ್ಲ.

ಇದೇ ಗುಂಪಿನ ಲೆಪರ್ಡ್ ರಾಸ್‌ಗಳು ನೋಡೋಕೆ ಬಹಳ ಚೆಂದ, ಆದರೆ ಸಾಕೋದು ಕಷ್ಟ. ಕಲ್ಲಿನ ಸಂದಿಗಳಲ್ಲಿರೋ ಸಣ್ಣ ಸಣ್ಣ ಜೀವಿಗಳನ್ನ ಇಡೀ ದಿನ ಹೆಕ್ಕಿ ತಿನ್ನೋ ಅಭ್ಯಾಸ ಅವಕ್ಕೆ. ಹೊಸ ಟ್ಯಾಂಕಿನಲ್ಲಿ ಆ ಜೀವಿಗಳೇ ಇರಲ್ಲ. ಮೊದಲ ವರ್ಷ ಆ ಕಡೆ ನೋಡದೇ ಇರೋದು ವಾಸಿ.

ಸೊಳ್ಳೆ ಪರದೆ ಕಟ್ಟುವವು

ಎರಡನೇ ಗುಂಪು ಕಲ್ಲಿನ ಸಂದಿಯವು. ಫೇರಿ ರಾಸ್, ಫ್ಲಾಶರ್ ರಾಸ್, ಸಿಕ್ಸ್ ಲೈನ್ ರಾಸ್ ಇಲ್ಲಿ ಬರುತ್ತವೆ. ಇವಕ್ಕೆ ಮಲಗೋಕೆ ಮರಳು ಬೇಕಿಲ್ಲ. ಕಲ್ಲಿನ ಬಿರುಕಿಗೆ ನುಗ್ಗಿ, ಮೈಯಿಂದ ಲೋಳೆ ಸುರಿಸಿ, ಸುತ್ತ ಒಂದು ತೆಳು ಚೀಲ ಕಟ್ಟಿಕೊಂಡು ಮಲಗುತ್ತವೆ. ಬೆಳಗ್ಗೆ ಆ ಚೀಲ ಹರಿದು ನೀರಿನಲ್ಲಿ ತೇಲ್ತಾ ಇರುತ್ತೆ. ಮೀನಿಗೆ ಏನೋ ರೋಗ ಬಂತು ಅಂತ ಗಾಬರಿ ಬೀಳಬೇಕಿಲ್ಲ.

ಯಾಕೆ ಈ ಚೀಲ? ರಾಸ್‌ಗಳ ಹತ್ತಿರದ ಸಂಬಂಧಿ ಗಿಳಿಮೀನು ಕೂಡ ಹೀಗೇ ಮಲಗುತ್ತೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ವಿಜ್ಞಾನಿಗಳು ಅದರ ಮೇಲೆ ಪ್ರಯೋಗ ಮಾಡಿ, ಚೀಲ ತೆಗೆದ ಮೀನುಗಳಿಗೆ ರಕ್ತ ಹೀರೋ ಸಣ್ಣ ಪರಾವಲಂಬಿಗಳ ಕಾಟ ಬಹಳ ಹೆಚ್ಚು ಅಂತ ಕಂಡುಕೊಂಡರು. ಅಂದ್ರೆ ಅದು ಸೊಳ್ಳೆ ಪರದೆ. ನಮ್ಮ ಹಾಸ್ಟೆಲ್‌ನಲ್ಲಿ ಮಳೆಗಾಲದಲ್ಲಿ ನಾವು ಮಾಡೋದನ್ನೇ ಅವು ಸಮುದ್ರದ ತಳದಲ್ಲಿ ಮಾಡ್ತವೆ.

ಇವಕ್ಕೆ ತಳಕ್ಕಿಂತ ಮುಚ್ಚಳ ಮುಖ್ಯ. ಫೇರಿ ಮತ್ತು ಫ್ಲಾಶರ್‌ಗಳು ನೀರಿನ ಮಧ್ಯದಲ್ಲಿ ಈಜಾಡುತ್ತಾ ತೇಲಿ ಬರೋ ಆಹಾರ ತಿನ್ನೋ ಮೀನುಗಳು. ಹೆದರಿದ್ರೆ ಮರಳಿಗೆ ಇಳಿಯಲ್ಲ, ಮೇಲಕ್ಕೆ ಚಿಮ್ಮುತ್ತವೆ. ಸಮುದ್ರದಲ್ಲಿ ಚಿಮ್ಮಿದ್ರೆ ಮತ್ತೆ ಸಮುದ್ರಕ್ಕೇ ಬೀಳುತ್ತವೆ. ನಮ್ಮ ಮನೆಯಲ್ಲಿ ಚಿಮ್ಮಿದ್ರೆ ಟೈಲ್ಸ್ ಮೇಲೆ. ಪೈಪು, ವೈರು ಹೋಗೋಕೆ ಬಿಟ್ಟ ಎರಡು ಬೆರಳಗಲದ ಸಂದಿಯೂ ಅವಕ್ಕೆ ಸಾಕು. ಮರಳಿನ ಗುಂಪಿನವೂ ಹಾರುತ್ತವೆ, ಹಾಗಾಗಿ ಯಾವ ರಾಸ್ ತಂದರೂ ಮುಚ್ಚಳ ಇರಲೇಬೇಕು.

ಮುಚ್ಚಳದಿಂದ ಉಪ್ಪಿನ ತನಕ

ಹಾಗಾದ್ರೆ ಗಾಜಿನ ಮುಚ್ಚಳ ಹಾಕಿದ್ರೆ ಆಯ್ತಲ್ಲ ಅಂತೀರಾ? ಹಾಕಬಹುದು. ಆದರೆ ಗಾಜು ಶಾಖವನ್ನ ಒಳಗೇ ಹಿಡಿಯುತ್ತೆ, ಗಾಳಿಯ ವಿನಿಮಯವನ್ನೂ ಕಡಿಮೆ ಮಾಡುತ್ತೆ. ನಮ್ಮ ಊರುಗಳ ಬೇಸಿಗೆಗೆ ಸಣ್ಣ ಕಣ್ಣಿನ ಬಲೆಯ ಚೌಕಟ್ಟೇ ಮೇಲು. ಕಣ್ಣು ಸುಮಾರು ಆರು ಮಿಲಿಮೀಟರ್ ಇದ್ದರೆ ಮೀನು ಹೊರಗೆ ಬರಲ್ಲ, ಗಾಳಿ ಬೆಳಕು ಒಳಗೆ ಹೋಗುತ್ತೆ.

ಬಲೆ ಹಾಕಿದ ಮೇಲೆ ನೀರು ಆವಿಯಾಗುತ್ತೆ. ಇದರಲ್ಲಿ ಒಂದು ಲಾಭ, ಒಂದು ನಷ್ಟ. ಲಾಭ ಇದು: ಒಂದು ಲೀಟರ್ ನೀರು ಆವಿಯಾಗೋಕೆ ಸುಮಾರು 2,400 ಕಿಲೋಜೂಲ್ ಬೇಕು. 200 ಲೀಟರ್ ನೀರನ್ನ ಒಂದು ಡಿಗ್ರಿ ಇಳಿಸೋದು ಅಂದ್ರೆ ಸುಮಾರು 840 ಕಿಲೋಜೂಲ್ ತೆಗೆಯೋದು. ಹೊರಗಿನ ಶಾಖ ಒಳಗೆ ಬರದಿದ್ರೆ ಒಂದೇ ಒಂದು ಲೀಟರ್ ಆವಿಯಾಗಿ ಇಡೀ ಟ್ಯಾಂಕನ್ನ ಮೂರು ಡಿಗ್ರಿ ಹತ್ತಿರ ತಂಪು ಮಾಡಬಲ್ಲದು. ಅದಕ್ಕೇ ಮೈಸೂರಿನಂಥ ಕಡೆ ನೀರಿನ ಮೇಲೆ ಬೀಸೋ ಎರಡು ಕಂಪ್ಯೂಟರ್ ಫ್ಯಾನ್ ಬಹಳಷ್ಟು ಕೆಲಸ ಮಾಡುತ್ತವೆ. ಮಂಗಳೂರಿನ ತೇವದ ಗಾಳಿಯಲ್ಲಿ ಆವಿಯಾಗೋದೇ ನಿಧಾನ, ಅಲ್ಲಿ ಫ್ಯಾನ್ ನಂಬೋಕಾಗಲ್ಲ, ಚಿಲ್ಲರ್ ಬೇಕಾಗುತ್ತೆ. ಕಲಬುರಗಿಯ ಗಾಳಿ ಒಣದು, ಆದರೆ ಅಲ್ಲಿನ ಮೇ ತಿಂಗಳ ಬಿಸಿಲಿಗೆ ಫ್ಯಾನ್ ಒಂದೇ ಸಾಲದು.

ನಷ್ಟ ಇದು: ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತೆ. ದಿನಕ್ಕೆ ಮೂರು ಲೀಟರ್ ಹೋಗುತ್ತೆ ಅಂತಿಟ್ಟುಕೊಳ್ಳಿ. ಹತ್ತು ದಿನ ಯಾರೂ ನೋಡದಿದ್ರೆ 200 ಲೀಟರ್ ಇದ್ದದ್ದು 170 ಆಗುತ್ತೆ, 35 ಇದ್ದ ಉಪ್ಪು 41 ದಾಟುತ್ತೆ. ಆದ್ದರಿಂದ ದಿನಾ ಸಿಹಿನೀರು, ಅಂದ್ರೆ ಉಪ್ಪು ಹಾಕದ ಆರ್‌ಓ ನೀರು, ತುಂಬಿಸಬೇಕು. ಉಪ್ಪು ನೀರು ತುಂಬಿಸಿದ್ರೆ ಉಪ್ಪು ಏರ್ತಾನೇ ಹೋಗುತ್ತೆ.

ಎಲೆಕ್ಟ್ರಾನಿಕ್ಸ್‌ನವರಿಗೆ ಇಲ್ಲೊಂದು ಒಳ್ಳೆ ಮಿನಿ ಪ್ರಾಜೆಕ್ಟ್ ಇದೆ. ಒಂದು ಫ್ಲೋಟ್ ಸ್ವಿಚ್, ಒಂದು ರಿಲೇ, ಒಂದು ಪುಟ್ಟ ಪಂಪು. ನೀರಿನ ಮಟ್ಟ ಇಳಿದರೆ ಪಂಪು ಆನ್. ಆದರೆ ಸ್ವಿಚ್ ಸಿಕ್ಕಿಹಾಕಿಕೊಂಡು ಆನ್ ಆಗೇ ಉಳಿದರೆ? ಸಿಹಿನೀರೆಲ್ಲ ಟ್ಯಾಂಕಿಗೆ ಸುರಿಯುತ್ತೆ. ಎರಡನೇ ಸ್ವಿಚ್ ಹಾಕಬಹುದು, ಕೋಡ್‌ನಲ್ಲಿ ಸಮಯದ ಮಿತಿ ಇಡಬಹುದು. ಎಲ್ಲಕ್ಕಿಂತ ಸರಳ ಉಪಾಯ ಅಂದ್ರೆ ಸಿಹಿನೀರಿನ ಡಬ್ಬಿಯನ್ನೇ 10 ಲೀಟರ್‌ಗೆ ಸೀಮಿತ ಮಾಡೋದು. ಅಷ್ಟೂ ಸುರಿದ್ರೂ ಉಪ್ಪು 35ರಿಂದ ಸುಮಾರು 33ಕ್ಕೆ ಇಳಿಯುತ್ತೆ ಅಷ್ಟೇ, ಮೀನು ಬದುಕುತ್ತೆ. ಜತೆಗೆ ಕರೆಂಟ್ ಹೋದಾಗ ನಡೆಯೋ ಬ್ಯಾಟರಿ ಏರ್ ಪಂಪ್ ಒಂದು ಇರಲಿ. ನೀರು ಕಲಕೋದು ನಿಂತರೆ ಆಮ್ಲಜನಕ ಇಳಿಯೋಕೆ ಶುರುವಾಗುತ್ತೆ.

ಗಮನಿಸಿ, ನಾವು ಶುರು ಮಾಡಿದ್ದು ಹೆದರಿದ ಮೀನು ಎಲ್ಲಿಗೆ ಓಡುತ್ತೆ ಅನ್ನೋದರಿಂದ. ಅಲ್ಲಿಂದ ಬಲೆ, ಬಲೆಯಿಂದ ಆವಿ, ಆವಿಯಿಂದ ಉಪ್ಪು, ಉಪ್ಪಿನಿಂದ ಫ್ಲೋಟ್ ಸ್ವಿಚ್ ತನಕ ಬಂದಿದ್ದೀವಿ. ಟ್ಯಾಂಕ್ ಕಟ್ಟಿ ಆಮೇಲೆ ಮೀನು ಆರಿಸಿದ್ರೆ ಈ ಸರಪಳಿ ಎಲ್ಲೋ ಒಂದು ಕಡೆ ತುಂಡಾಗುತ್ತೆ. ಮೀನನ್ನ ಕೊನೆಗೆ ಕೊಳ್ಳಿ, ಆದರೆ ಯಾವ ಮೀನು ಅನ್ನೋದನ್ನ ಮೊದಲೇ ತೀರ್ಮಾನ ಮಾಡಿ.

ಊಟ ಮತ್ತು ಜಗಳ

ರಾಸ್‌ಗಳಿಗೆ ಹೊಟ್ಟೆ ಇಲ್ಲ. ತಮಾಷೆಗೆ ಹೇಳ್ತಿಲ್ಲ, ನಿಜವಾಗಿ ಜಠರ ಅನ್ನೋ ಚೀಲವೇ ಇಲ್ಲ, ತಿಂದದ್ದು ನೇರ ಕರುಳಿಗೆ. ಒಮ್ಮೆಗೇ ತಿಂದು ಕೂಡಿಟ್ಟುಕೊಳ್ಳೋಕೆ ಜಾಗ ಇಲ್ಲದ್ರಿಂದ ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಕೊಡಬೇಕು: ಫ್ರೋಜನ್ ಮೈಸಿಸ್ ಸೀಗಡಿ, ಸಣ್ಣಗೆ ಕತ್ತರಿಸಿದ ಸೀಗಡಿ, ಒಳ್ಳೆ ಪೆಲೆಟ್. ಹಗಲು ಪೂರ್ತಿ ಓಡಾಡೋ ಮೀನು, ಬೇಗ ಸೊರಗುತ್ತೆ. ರಾಸುಗಳ ಜಾತ್ರೆಯಲ್ಲಿ ಹಲ್ಲು ನೋಡಿ ವ್ಯಾಪಾರ ಮಾಡ್ತಾರೆ. ನಮ್ಮ ರಾಸ್‌ಗೂ ಮುಂದಕ್ಕೆ ಚಾಚಿದ ಹಲ್ಲುಗಳಿವೆ, ಆದರೆ ನೋಡಬೇಕಾದ್ದು ಹೊಟ್ಟೆಯ ಕಡೆಗೆ. ಅಲ್ಲಿ ಒಳಕ್ಕೆ ಹೋಗಿದ್ರೆ ಕೊಳ್ಳಬೇಡಿ. ನಿಮ್ಮ ಕಣ್ಣೆದುರೇ ಆಹಾರ ಹಾಕಿಸಿ, ತಿಂದರೆ ಮಾತ್ರ ತನ್ನಿ.

ಜಗಳದ ವಿಷಯದಲ್ಲಿ ಸಿಕ್ಸ್ ಲೈನ್ ರಾಸ್ ಹೆಸರುವಾಸಿ. ಹತ್ತು ಸೆಂಟಿಮೀಟರ್ ಒಳಗಿನ ಮೀನು, ಆದರೆ ಅದು ಇದ್ದ ಟ್ಯಾಂಕಿಗೆ ಆಮೇಲೆ ಬಂದ ಸಾಧು ಮೀನುಗಳನ್ನ ಅಟ್ಟಿಸಿಕೊಂಡು ಹೋಗುತ್ತೆ. ಹಾಸ್ಟೆಲ್ ರೂಮಿಗೆ ಮೊದಲು ಬಂದವನು ಕಿಟಕಿ ಪಕ್ಕದ ಮಂಚ ಹಿಡಿದ ಹಾಗೆ. ಆದ್ದರಿಂದ ಅದನ್ನ ಎಲ್ಲರಿಗಿಂತ ಕೊನೆಗೆ ಬಿಡಬೇಕು.

ಇನ್ನೊಂದು ವಿಚಿತ್ರ ಇದೆ. ಬಹುಪಾಲು ರಾಸ್‌ಗಳು ಹೆಣ್ಣಾಗಿ ಶುರುವಾಗಿ ಬೇಕಾದಾಗ ಗಂಡಾಗುತ್ತವೆ. 1972ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ರಾಬರ್ಟ್‌ಸನ್ ಅವರು ಕ್ಲೀನರ್ ರಾಸ್‌ಗಳ ಬಗ್ಗೆ ಬರೆದ ವರದಿ ಪ್ರಸಿದ್ಧ: ಒಂದು ಗಂಡು, ಹಲವು ಹೆಣ್ಣುಗಳ ಗುಂಪಿನಿಂದ ಗಂಡು ಹೋದರೆ, ಎಲ್ಲರಿಗಿಂತ ಮೇಲಿನ ಹೆಣ್ಣು ಗಂಡಿನ ಸ್ಥಾನ ತಗೊಂಡು, ದಿನ ಕಳೆದಂತೆ ದೇಹವೂ ಗಂಡಿನದಾಗುತ್ತೆ. ಮನೆಯ ಟ್ಯಾಂಕಿಗೆ ಇದರಿಂದ ಸಿಗೋ ಪಾಠ ಸರಳ. ಒಂದೇ ಜಾತಿಯ ಎರಡು ಗಂಡು ಬೇಡ. ಗುಂಪು ಬೇಕಿದ್ದರೆ ಹೆಣ್ಣುಗಳನ್ನೇ ತನ್ನಿ, ಗಂಡು ಯಾರು ಅನ್ನೋದನ್ನ ಅವೇ ತೀರ್ಮಾನ ಮಾಡ್ಕೋತವೆ.

ತರಬಾರದ ಒಂದು ರಾಸ್

ಈಗ ಹೇಳಿದ ಕ್ಲೀನರ್ ರಾಸ್ ನಮ್ಮ ಅಂಗಡಿಗಳಲ್ಲೂ ಸಿಗುತ್ತೆ. ನೀಲಿ ಮೈ, ಮೇಲೆ ಕಪ್ಪು ಪಟ್ಟೆ. "ಇದನ್ನ ಬಿಟ್ರೆ ಬೇರೆ ಮೀನುಗಳ ರೋಗ ಹೋಗುತ್ತೆ" ಅಂತ ಹೇಳಿ ಮಾರ್ತಾರೆ. ದಯವಿಟ್ಟು ಕೊಳ್ಳಬೇಡಿ.

ಹವಳದ ದಿಬ್ಬದಲ್ಲಿ ಇದು ಒಂದು ಜಾಗ ಹಿಡಿದು ಅಂಗಡಿ ಇಡುತ್ತೆ. ಬೇರೆ ಮೀನುಗಳು ಸಾಲಾಗಿ ಬಂದು ಮೈ ಒಡ್ಡಿ ನಿಲ್ಲುತ್ತವೆ, ಇದು ಅವುಗಳ ಮೈಮೇಲಿನ ಪರಾವಲಂಬಿಗಳನ್ನ ಕಿತ್ತು ತಿನ್ನುತ್ತೆ. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಒಂದು ಕ್ಲೀನರ್ ದಿನಕ್ಕೆ ತಿನ್ನೋದು ಸುಮಾರು 1,200 ಪರಾವಲಂಬಿಗಳನ್ನ. ಐದಾರು ಮೀನಿರೋ ನಮ್ಮ ಟ್ಯಾಂಕಿನಲ್ಲಿ ಅಷ್ಟು ಎಲ್ಲಿಂದ ಬರಬೇಕು? ಆಮೇಲೆ ಅದು ಮೀನುಗಳ ಮೈಯ ಲೋಳೆಯನ್ನೇ ಕಚ್ಚೋಕೆ ಶುರು ಮಾಡುತ್ತೆ, ಅವು ಓಡಿ ಓಡಿ ಸುಸ್ತಾಗುತ್ತವೆ, ಬಹಳ ಸಲ ಕ್ಲೀನರ್ ಹಸಿವಿನಿಂದಲೇ ಸಾಯುತ್ತೆ. ಮನೆಗಳಲ್ಲಿ ಸಾಮಾನ್ಯವಾಗಿ ಕಾಡೋ ಬಿಳಿ ಚುಕ್ಕೆ ರೋಗವನ್ನಂತೂ ಇದು ವಾಸಿ ಮಾಡಲ್ಲ. ಆ ಪರಾವಲಂಬಿ ಇರೋದು ಚರ್ಮದ ಒಳಗೆ.

ನಷ್ಟ ನಮ್ಮ ಟ್ಯಾಂಕಿಗೆ ಮುಗಿಯಲ್ಲ. ಗ್ರೇಟ್ ಬ್ಯಾರಿಯರ್ ರೀಫ್‌ನ ಲಿಜರ್ಡ್ ದ್ವೀಪದ ಹತ್ತಿರ ಕೆಲವು ದಿಬ್ಬಗಳಿಂದ ಎಂಟೂವರೆ ವರ್ಷ ಕ್ಲೀನರ್‌ಗಳನ್ನ ತೆಗೀತಾ ಬಂದು ನೋಡಿದರು. ಆ ದಿಬ್ಬಗಳಲ್ಲಿ ಬೇರೆ ಮೀನುಗಳ ಸಂಖ್ಯೆಯೂ ಇಳಿದಿತ್ತು, ಜಾತಿಗಳೂ ಕಡಿಮೆಯಾಗಿದ್ದವು. ಅಂದ್ರೆ ಇದು ಒಂದು ಮೀನು ಮಾತ್ರ ಅಲ್ಲ, ಊರಿಗಿದ್ದ ಒಬ್ಬ ಡಾಕ್ಟರು. 2019ರಲ್ಲಿ ಜಪಾನಿನ ಸಂಶೋಧಕರು ಇದಕ್ಕೆ ಕನ್ನಡಿ ತೋರಿಸಿ, ತನ್ನ ಮೈಮೇಲಿನ ಗುರುತನ್ನ ಕನ್ನಡಿಯಲ್ಲಿ ನೋಡಿ ಉಜ್ಜಿ ತೆಗೆಯೋಕೆ ಪ್ರಯತ್ನ ಮಾಡುತ್ತೆ ಅಂತ ವರದಿ ಮಾಡಿದ್ದಾರೆ. ಅದಕ್ಕೆ ತನ್ನ ಅರಿವಿದೆಯಾ ಅಂತ ಇನ್ನೂ ವಾದ ನಡೀತಿದೆ. ಹಸಿವಿದೆ ಅನ್ನೋದರಲ್ಲಿ ವಾದ ಇಲ್ಲ.

ಉಳಿದ ರಾಸ್‌ಗಳ ವಿಷಯದಲ್ಲೂ ಒಂದು ಮಾತು ನೆನಪಿಡಬೇಕು. ಕ್ಲೌನ್ ಮೀನು ಫಾರ್ಮ್‌ಗಳಲ್ಲಿ ಬೆಳೆಯುತ್ತೆ. ರಾಸ್‌ಗಳಲ್ಲಿ ಬಹುಪಾಲು ಸಮುದ್ರದಲ್ಲೇ ಹಿಡಿದವು. ನಮ್ಮ ಕೈಲಿ ಒಂದು ಸತ್ತರೆ ಇನ್ನೊಂದು ಬರೋದು ಅದೇ ದಿಬ್ಬದಿಂದ. ಟ್ಯಾಂಕಿಗೆ ಕಲ್ಲು, ಹವಳ ಹುಡುಕುವಾಗಲೂ ಎಚ್ಚರ ಇರಲಿ: ದಿಬ್ಬ ಕಟ್ಟೋ ಹವಳಗಳಿಗೆ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದ ರಕ್ಷಣೆ ಇದೆ, ಹುಲಿಗೆ ಇರೋ ಅದೇ ಪರಿಚ್ಛೇದ.

ಹಾಸ್ಟೆಲ್‌ನಲ್ಲಿರೋರು ಏನ್ಮಾಡಬೇಕು?

ಹಾಸ್ಟೆಲ್, ಪಿಜಿ ರೂಮಿನಲ್ಲಿ ಇದನ್ನ ಶುರು ಮಾಡಬೇಡಿ ಅನ್ನೋದೇ ನಮ್ಮ ಸಲಹೆ. ಸೆಮಿಸ್ಟರ್ ರಜಕ್ಕೆ ಊರಿಗೆ ಹೋದಾಗ 300 ಕೆಜಿ ಸಮುದ್ರವನ್ನ ಬ್ಯಾಗಿಗೆ ಹಾಕ್ಕೊಂಡು ಹೋಗೋಕಾಗಲ್ಲ. ಮನೆಯಲ್ಲಿ ದಿನಾ ಇರೋರು ಒಬ್ಬರು ಒಪ್ಪಿದ್ರೆ ಮಾತ್ರ ಕೈ ಹಾಕಿ, ಅವರಿಗೆ ಉಪ್ಪು ಅಳೆಯೋದನ್ನೂ ಕಲಿಸಿ. ನಮ್ಮ ಅಜ್ಜಿ ರಿಫ್ರ್ಯಾಕ್ಟೋಮೀಟರನ್ನ ಕನ್ನಡಕದ ಮೇಲೇ ಇಟ್ಕೊಂಡು ನೋಡ್ತಾರೆ, ಸರಿಯಾಗೇ ಓದ್ತಾರೆ.

ರಾಸ್ ನೋಡಲೇಬೇಕು ಅಂದ್ರೆ ಟ್ಯಾಂಕೇ ಬೇಕು ಅಂತಿಲ್ಲ. ಮುರುಡೇಶ್ವರದಿಂದ ಸುಮಾರು 20 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ ಹವಳ, ಬಂಡೆಗಳ ನಡುವೆ ಈ ಕುಟುಂಬದ ಮೀನುಗಳಿವೆ. ಡೈವಿಂಗ್‌ಗೆ ಹೋಗೋ ಗೆಳೆಯರು ಮುಂದಿನ ಸಲ ಎದೆಯ ರೆಕ್ಕೆ ಬಡಿದು ಈಜೋ ಮೀನನ್ನ ಹುಡುಕಿ ನೋಡಿ. ಮನೆಯಲ್ಲಿ ಟ್ಯಾಂಕ್ ಇಡೋ ಯೋಚನೆ ಇದ್ದವರು ಮೊದಲ ಮೀನಾಗಿ ಒಂದು ಯೆಲ್ಲೋ ರಾಸ್‌ಗೆ ತಕ್ಕ ಹಾಗೆ ಡಿಸೈನ್ ಮಾಡಿ: 200 ಲೀಟರ್ ನೀರು, ಆರು ಸೆಂಟಿಮೀಟರ್ ಮರಳು, ಮೇಲೆ ಬಲೆ. ಫ್ಲೋಟ್ ಸ್ವಿಚ್ ಸರ್ಕ್ಯೂಟ್ ಮಾಡೋಕೆ ಯಾರಾದ್ರೂ ಆಸಕ್ತಿ ಇದ್ದರೆ ಕನ್ನಡ ಸಂಘದ ರೂಮಿಗೆ ಬನ್ನಿ, ಶನಿವಾರ ಮಧ್ಯಾಹ್ನ ನಾವು ಅಲ್ಲೇ ಇರ್ತೀವಿ.